‘ಅರ್ಥ ಆಯ್ತಾ?’ ಎಂದು ಕೇಳಬೇಡಿ

ವಾರ್ಡಿಗೆ ಹೊಸದಾಗಿ ಬರುವ ನರ್ಸ್‌ಗಳಿಗೆ ನಾನು ಮೊದಲು ಬಿಡಿಸುವ ಅಭ್ಯಾಸವೇ ಇದು. ಆಪರೇಷನ್ ಆದವರನ್ನು ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಅರಿವಳಿಕೆಯ ಮಂಪರು, ನೋವು, ಮೇಲೆ ಮನೆಗೆ ಹೋಗುವ ಆತುರ. ಹೇಳಿದ್ದರಲ್ಲಿ ಎಷ್ಟೋ ತಲೆಗೆ ಹೋಗಿರುವುದಿಲ್ಲ. ಅದರ ಬದಲು, ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಮನೆಯಲ್ಲಿ ಹೇಗೆ ಮಾಡ್ತೀರಿ ತೋರಿಸಿ’ ಅನ್ನಿ. ಪರೀಕ್ಷೆ ತಮಗಲ್ಲ, ನಿಮಗೇ ಎಂದು ಅವರಿಗೆ ಅನ್ನಿಸಿದರೆ ಸಂಕೋಚವಾಗುವುದಿಲ್ಲ.

ಕೆಮ್ಮುವುದನ್ನು ಆಪರೇಷನ್‌ಗೆ ಮೊದಲೇ ಕಲಿಸಿ. ಹೊಟ್ಟೆ ಕೊಯ್ಸಿಕೊಂಡವರು ಹೊಲಿಗೆ ಬಿಚ್ಚೀತೆಂಬ ಹೆದರಿಕೆಗೆ ಕೆಮ್ಮದೆ, ಮೇಲುಮೇಲಿನ ಉಸಿರಲ್ಲೇ ಕಾಲ ತಳ್ಳುತ್ತಾರೆ. ಕಫ ಒಳಗೇ ಉಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿದು, ಆಳವಾಗಿ ಉಸಿರೆಳೆದು ಕೆಮ್ಮಿಸಿ. ಇನ್ನು ಸ್ಪೈರೋಮೀಟರ್, ಅಂದರೆ ಆಳವಾಗಿ ಉಸಿರೆಳೆಯುವ ಅಭ್ಯಾಸಕ್ಕೆ ಕೊಡುವ ಪುಟ್ಟ ಸಾಧನ: ಕೈಗೆ ಕೊಟ್ಟೊಡನೆ ಬಹುತೇಕರು ಅದನ್ನು ಊದುತ್ತಾರೆ! ಊದುವುದಲ್ಲ, ನಿಧಾನವಾಗಿ ಒಳಗೆಳೆದು 3ರಿಂದ 5 ಸೆಕೆಂಡು ಹಿಡಿಯಬೇಕು. ಎಚ್ಚರವಿರುವಾಗ ಗಂಟೆಗೆ ಸುಮಾರು 10 ಸಲ.

ಮೊದಲ ನಡಿಗೆಯನ್ನು ನೋವಿನ ಮಾತ್ರೆ ಕೆಲಸ ಶುರುಮಾಡಿದ ಮೇಲೆ ಇಟ್ಟುಕೊಳ್ಳಿ. ನೋವು ತಡೆಯಲಾರದಷ್ಟಾದ ಮೇಲೆ ಮಾತ್ರೆ ಕೇಳುವುದು ದೊಡ್ಡ ಧೈರ್ಯವೆಂದು ತಿಳಿದವರು ಬಹಳ. ಮೊದಲೇ ಹೇಳಲು ಹೇಳಿ. ನೇರ ಎದ್ದು ಕೂರಬಾರದು. ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ಏಳಬೇಕು. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು, ತಲೆ ಸುತ್ತದಿದ್ದರೆ ಮಾತ್ರ ನಿಲ್ಲುವುದು. ಮಲಗಿದ್ದಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಕಡಿಮೆ.

ಡಿಸ್ಚಾರ್ಜ್ ದಿನ ಕಾಗದದ ಕಟ್ಟು ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಗಾಯದ ಸುತ್ತ ಕೆಂಪು ಹರಡುವುದು, ಕೀವು, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ: ಇವಕ್ಕೆ ಆ ದಿನವೇ ಫೋನ್ ಮಾಡಬೇಕು. ಒಂದೇ ಮೀನಖಂಡ ಊದಿ ನೋಯುವುದು, ಎದೆನೋವು, ಏದುಸಿರು ಬಂದರೆ ಫೋನಿಗೂ ಕಾಯದೆ ತುರ್ತು ಚಿಕಿತ್ಸೆಗೆ ಓಡಬೇಕು. ಎರಡನ್ನೂ ಬೇರೆ ಬೇರೆಯಾಗಿ ಅವರ ಬಾಯಲ್ಲೇ ಹೇಳಿಸಿ. ಮನೆಯಲ್ಲಿರುವ ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರಬಹುದು, ಡೋಸ್ ಇಮ್ಮಡಿಯಾದೀತು ಎಂದು ಎಚ್ಚರಿಸಿ.

ಬಿಲ್ ಕಟ್ಟಲು ಬಂದವರಿಗೆ ಹೇಳಿ ಮುಗಿಸಬೇಡಿ. ಮನೆಯಲ್ಲಿ ಗಾಯದ ಪಟ್ಟಿ ಬದಲಿಸುವವರು ಯಾರೆಂದು ಕೇಳಿ, ಕೈ ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಅವರಿಂದಲೇ ಒಮ್ಮೆ ಮಾಡಿಸಿ. ರಾತ್ರಿ ಕರೆ ಮಾಡಬೇಕಾದ ನಂಬರನ್ನು ನಿಮ್ಮೆದುರೇ ಮೊಬೈಲಿನಲ್ಲಿ ಸೇವ್ ಮಾಡಿಸಿ.