ಹತ್ತು ವರ್ಷ ಸಾಕಿದ ಐಡಿಯನ್ನು ಕುಂಬಳೆಯಲ್ಲಿ ಮಾರಿದೆ

ಅಡಿಕೆಯ ಗೋಣಿ ಒಮ್ಮೆ ಜೀಪು ಹತ್ತಿತೆಂದರೆ ಅದು ಮಂಡಿಯವರದು. ರಾತ್ರಿ ಮನಸ್ಸು ಬದಲಾಯಿತೆಂದು ನಾನು ನಮ್ಮ ಕಾಸರಗೋಡಿನ ಬದಿಯಡ್ಕಕ್ಕೆ ಹೋಗಿ ಗೋಣಿ ಹೊತ್ತು ತರುವಂತಿಲ್ಲ. ಮೊಬೈಲ್ ಆಟದ ಐಡಿ, ಅಂದರೆ ಆಡುವವನ ಖಾತೆ, ಹಾಗಲ್ಲ. ದುಡ್ಡು ಎಣಿಸಿಕೊಂಡ ಮೇಲೂ ಅದರ ಬೀಗದ ಇನ್ನೊಂದು ಕೈ ಮಾರಿದವನ ಹತ್ತಿರವೇ ಉಳಿಯಬಹುದು. ಕೊಳ್ಳುವವನಿಗೆ ಇದು ಗೊತ್ತಿರುತ್ತದೆ. ಹಾಗಾಗಿ ಅವನು ಚೌಕಾಸಿ ಮಾಡುವುದು ಬೆಲೆಗಿಂತ ಹೆಚ್ಚಾಗಿ ಈ ಭಯದ ಮೇಲೆ. ಇದು ನನಗೆ ಅರ್ಥವಾಗುವುದಕ್ಕೆ ಒಂದು ಐಡಿ ಕಳೆದುಕೊಳ್ಳಬೇಕಾಯಿತು.

ಮೊದಲು ಕಳೆದುಕೊಂಡ ಕಥೆ. 2022ರಲ್ಲಿ ತಮ್ಮನ ಬಂದೂಕಿನ ಆಟದ ಐಡಿಯನ್ನು ಎರಡೂವರೆ ಸಾವಿರಕ್ಕೆ ಮಾರಲು ಹೊರಟೆ. ಟೆಲಿಗ್ರಾಮ್‌ನಲ್ಲಿ ಸಿಕ್ಕಿದವನು ಮಾತಿನಲ್ಲಿ ಬಹಳ ನಯ. ಮೊದಲು ಹಣ ಕಳುಹಿಸಿದ ಸ್ಕ್ರೀನ್‌ಶಾಟ್ ಬಂತು, ಹಿಂದೆಯೇ ಬ್ಯಾಂಕಿನದ್ದೆಂದು ಕಾಣುವ ಸಂದೇಶವೂ ಬಂತು. ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಬೇಕೆಂದರೆ ಕೊಡೆ ಹಿಡಿದು ಮೇಲಿನ ತೋಟದ ತುದಿಗೆ ಹೋಗಬೇಕು. ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ, ಅವನು ಅವಸರ ಮಾಡಿದ, ನಾನು ಪಾಸ್‌ವರ್ಡ್ ಕೊಟ್ಟುಬಿಟ್ಟೆ. ಅರ್ಧ ಗಂಟೆಯ ನಂತರ ಗುಡ್ಡ ಹತ್ತಿ ನೋಡಿದರೆ ಖಾತೆಯಲ್ಲಿ ಒಂದು ರೂಪಾಯಿಯೂ ಹೆಚ್ಚಾಗಿರಲಿಲ್ಲ. ಬ್ಯಾಂಕಿನ ಸಂದೇಶ ಅಕ್ಷರಗಳಿರುವ ಹೆಸರಿನಿಂದ ಬರುತ್ತದೆ. ಇದು ಬಂದದ್ದು ಹತ್ತು ಅಂಕೆಯ ಮಾಮೂಲಿ ಮೊಬೈಲ್ ಸಂಖ್ಯೆಯಿಂದ. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ತಮ್ಮ ಒಂದು ವಾರ ನನ್ನೊಡನೆ ಮಾತನಾಡಲಿಲ್ಲ.

2024ರ ಮೇ ತಿಂಗಳಲ್ಲಿ ಮಾರಿದ್ದು ನನ್ನದೇ ಐಡಿ. ಆಟ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್, ನಮ್ಮ ಹಳ್ಳಿ ಕಟ್ಟಿ ಬೆಳೆಸುತ್ತ ಬೇರೆಯವರ ಹಳ್ಳಿಗೆ ದಾಳಿ ಇಡುವ ಆಟ. 2014ರಲ್ಲಿ, ಹತ್ತನೆಯ ತರಗತಿಯ ರಜೆಯಲ್ಲಿ, ಅಪ್ಪನ ಮೊಬೈಲಿನಲ್ಲಿ ಶುರು ಮಾಡಿದ್ದು. ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ಔಷಧ ಸಿಂಪಡಿಸಬೇಕಿತ್ತು, ಮರ ಹತ್ತುವವರು ಸಿಗುವುದಿಲ್ಲ, ನೆಲದಲ್ಲೇ ನಿಂತು ಸಿಂಪಡಿಸುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ, ಕೊಳ್ಳಲು ಸ್ವಲ್ಪ ಹಣ ಕಡಿಮೆ ಬಿದ್ದಿತ್ತು. ಆಟದಲ್ಲೂ ಮೊದಲಿನ ಹಸಿವು ಉಳಿದಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಈ ಆಟ ಮಾಡಿದ ಫಿನ್‌ಲ್ಯಾಂಡಿನ ಸೂಪರ್‌ಸೆಲ್ ಕಂಪನಿಯ ನಿಯಮದಲ್ಲಿ ಐಡಿ ಮಾರುವುದಕ್ಕೂ ಕೊಳ್ಳುವುದಕ್ಕೂ ಅವಕಾಶವಿಲ್ಲ. ಐಡಿ ನಮ್ಮ ಸ್ವತ್ತೂ ಅಲ್ಲ, ಆಡಲು ಕೊಟ್ಟ ಪರವಾನಗಿ ಅಷ್ಟೆ. ಸಿಕ್ಕಿಬಿದ್ದರೆ ಶಾಶ್ವತವಾಗಿ ಮುಚ್ಚಬಹುದು. ಬೇರೆ ದೊಡ್ಡ ಆಟಗಳಲ್ಲೂ ಹೆಚ್ಚುಕಡಿಮೆ ಇದೇ ಕಟ್ಟಳೆ. ಗೇಣಿಗೆ ಪಡೆದ ಗದ್ದೆಯನ್ನು ಒಡೆಯನಿಗೆ ತಿಳಿಸದೆ ಇನ್ನೊಬ್ಬನ ಕೈಗೆ ದಾಟಿಸಿದ ಹಾಗೆ. ನಾನು ಇದನ್ನು ತಿಳಿದೇ ಮಾಡಿದೆ, ಕೇಳಿದ ಪ್ರತಿಯೊಬ್ಬರಿಗೂ ಮೊದಲ ಸಂದೇಶದಲ್ಲೇ ಹೇಳಿದೆ. ಅರ್ಧ ಜನ ಅಲ್ಲಿಗೇ ಹಿಂದೆ ಸರಿದರು. ಅವರಿಂದ ಉಳಿದ ಸಮಯ ಲಾಭವೇ.

ಬೆಲೆ ಕಟ್ಟುವಾಗ ಮಾರುವವನ ಲೆಕ್ಕ ಬೇರೆ, ಕೊಳ್ಳುವವನದು ಬೇರೆ. ನಾನು ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವ ಗೋಲ್ಡ್ ಪಾಸಿಗೆಂದು ವರ್ಷಗಳಲ್ಲಿ ಸುರಿದ ಹಣ ಕೂಡಿಸಿದರೆ ಒಂಬತ್ತು ಸಾವಿರದ ಹತ್ತಿರ ಆಗುತ್ತಿತ್ತು. ಅದನ್ನು ಕೇಳಿ ಯಾರೂ ಕರಗುವುದಿಲ್ಲ. ಅವರು ಕೇಳುವುದು ಹಳ್ಳಿಯ ಮುಖ್ಯ ಕಟ್ಟಡವಾದ ಟೌನ್ ಹಾಲ್ ಎಷ್ಟನೆಯ ಹಂತದ್ದು, ಹೀರೋಗಳು ಎಷ್ಟನೆಯ ಹಂತದಲ್ಲಿದ್ದಾರೆ, ಗೋಡೆ ಪೂರ್ತಿ ಮೇಲೇರಿದೆಯೇ ಎಂದು. ನನ್ನದು ಟೌನ್ ಹಾಲ್ 15. ಆಗ 16 ಬಂದು ಐದು ತಿಂಗಳಾಗಿತ್ತು. 15ರಲ್ಲಿ ಹೀರೋಗಳಾದ ರಾಜ, ರಾಣಿ ಇಬ್ಬರೂ 90ರವರೆಗೆ ಹೋಗುತ್ತಾರೆ. ನನ್ನ ರಾಜ 82, ರಾಣಿ 85. ಟೌನ್ ಹಾಲನ್ನು ಅವಸರದಲ್ಲಿ ಮೇಲೇರಿಸಿ ಉಳಿದದ್ದನ್ನು ಕೆಳಗೇ ಬಿಟ್ಟ ಐಡಿಗೆ ಬೆಲೆ ಇಲ್ಲ. ನೋಡಲು ದೊಡ್ಡದು, ಒಡೆದರೆ ಪಟೋರ, ಕೆಳದರ್ಜೆಯ ಅಡಿಕೆ.

ಆದರೆ ನನ್ನ ಐಡಿಗೆ ನಿಜವಾಗಿ ಬೆಲೆ ತಂದದ್ದು ಮರಗಳು. ಪ್ರತಿ ಡಿಸೆಂಬರಿನಲ್ಲಿ ಆಟದ ಹಳ್ಳಿಯಲ್ಲಿ ಒಂದು ಕ್ರಿಸ್‌ಮಸ್ ಮರ ಹುಟ್ಟುತ್ತದೆ. ಆಯಾ ವರ್ಷದ ಮರದ ರೂಪವೇ ಬೇರೆ. ಕಡಿದರೆ ಹೋಯಿತು, ಆ ವರ್ಷದ್ದು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಹಳೆಯ ಮರಗಳು ನಿಂತಿರುವ ಹಳ್ಳಿಯನ್ನು ನೋಡಿದ ಕೂಡಲೇ ಆಡುವವರಿಗೆ ಅದರ ವಯಸ್ಸು ಗೊತ್ತಾಗುತ್ತದೆ. ನಮ್ಮಲ್ಲಿ ಹೊಸ ಅಡಿಕೆಗಿಂತ ದಾಸ್ತಾನಿಟ್ಟ ಹಳತಿಗೆ ಧಾರಣೆ ಹೆಚ್ಚಲ್ಲವೇ, ಹಾಗೆ. 2014ರಿಂದ 2023ರವರೆಗೆ ನನ್ನಲ್ಲಿ ಒಂಬತ್ತು ಮರಗಳಿದ್ದವು. ಹತ್ತು ಇರಬೇಕಿತ್ತು. 2016ರದ್ದನ್ನು ತಮ್ಮ ನಾನಿಲ್ಲದಾಗ ಕಡಿದು ಹಾಕಿದ್ದ. ಈ ಕೊರತೆಯನ್ನು ನಾನೇ ಮೊದಲು ಹೇಳಿದೆ. ಹಳ್ಳಿಯನ್ನೂ ಹೀರೋಗಳನ್ನೂ ಮರಗಳನ್ನೂ ನಿಧಾನವಾಗಿ ತೋರಿಸುವ ಎರಡು ನಿಮಿಷದ ವಿಡಿಯೊ ಮಾಡಿದೆ. ಸ್ಕ್ರೀನ್‌ಶಾಟ್ ಯಾರ ಹಳ್ಳಿಯದ್ದಾದರೂ ಆಗಬಹುದು. ಆದ್ದರಿಂದ ವಿಡಿಯೊದಲ್ಲಿ ಕೊಳ್ಳುವವನು ಹೇಳಿದ ಒಂದು ಕಟ್ಟಡವನ್ನು ಅವನು ಹೇಳಿದ ಜಾಗಕ್ಕೆ ಸರಿಸಿ ತೋರಿಸುತ್ತಿದ್ದೆ. ಹದಿನೈದು ಸಾವಿರ ಹೇಳಿದೆ.

ಬಂದವರಲ್ಲಿ ನಾಲ್ವರು ನೆನಪಿದ್ದಾರೆ. ಒಬ್ಬ ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಿ ಎಂದ. ಹಣ ಕೊಡುವವನು ಪಿನ್ ಒತ್ತಬೇಕು, ಪಡೆಯುವವನಲ್ಲ. ಅಲ್ಲಿಗೆ ಮಾತು ಮುಗಿಯಿತು. ಇನ್ನೊಬ್ಬ ನಂಬಿಕೆಯ ಮಧ್ಯವರ್ತಿ ಇದ್ದಾನೆ, ಐಡಿ ಅವನ ಕೈಗೆ ಕೊಡಿ, ಹತ್ತು ಶೇಕಡ ಅವನಿಗೆ ಎಂದ. ಆ ಮಧ್ಯವರ್ತಿ ಬರೆಯುವಾಗಲೂ ಪ್ರತಿ ವಾಕ್ಯದ ಕೊನೆಗೆ ಮೂರು ಚುಕ್ಕಿ, ಇವನದ್ದೂ ಮೂರು ಚುಕ್ಕಿ. ಇಬ್ಬರೂ ಒಬ್ಬನೇ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮೂರನೆಯವನು ಎರಡು ದಿನ ಆಡಿ ನೋಡುತ್ತೇನೆ ಎಂದ. ನಾಲ್ಕನೆಯವನು ಉಪ್ಪಳದ ಹುಡುಗ, ಶಾರ್ಜಾದಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬಂದಿದ್ದ.

ಉಪ್ಪಳ ಎಂದ ಕೂಡಲೇ ನಾನು ಎದುರಾಎದುರು ಕೂತೇ ಮಾಡುವುದೆಂದು ಹಟ ಹಿಡಿದೆ. ಅವನ ಮನೆಮಾತು ಮಲಯಾಳ, ನನ್ನದು ಕನ್ನಡ. ವ್ಯಾಪಾರ ನಡೆದದ್ದು ತುಳುವಿನಲ್ಲಿ. ಕುಂಬಳೆ ಪೇಟೆಯ ಹೋಟೆಲೊಂದರಲ್ಲಿ ಚಹಾ, ಗೋಳಿಬಜೆ ತರಿಸಿ ಕೂತೆವು. ಹನ್ನೊಂದೂವರೆ ಸಾವಿರಕ್ಕೆ ಒಪ್ಪಂದವಾಯಿತು. ಹಣವನ್ನು ಭಾವನ ಖಾತೆಯಿಂದ ಹಾಕಿಸುತ್ತೇನೆ ಎಂದ. ನಾನು ಬೇಡ ಎಂದೆ. 2023ರಲ್ಲಿ ಕೇರಳದಲ್ಲಿ ಎಷ್ಟೋ ಸಣ್ಣ ವ್ಯಾಪಾರಿಗಳ ಬ್ಯಾಂಕ್ ಖಾತೆಗಳು ಸ್ಥಗಿತವಾಗಿದ್ದವು. ಯಾರೋ ವಂಚಿಸಿದ ಹಣ ಯುಪಿಐ ಮೂಲಕ ಕೈಯಿಂದ ಕೈಗೆ ಬಂದು ಇವರ ಖಾತೆ ಮುಟ್ಟಿತ್ತು, ಬೇರೆ ರಾಜ್ಯದ ಪೊಲೀಸರ ಸೂಚನೆಯ ಮೇಲೆ ಖಾತೆಗೆ ಬೀಗ ಬಿತ್ತು. ಅಪ್ಪನ ಅಡಿಕೆಯ ಹಣವೂ ಬರುವ ಖಾತೆ ನನ್ನದು. ಅವನ ಭಾವ ಒಳ್ಳೆಯವರೇ ಇರಬಹುದು, ಆದರೆ ಕೊಳ್ಳುವವನ ಹೆಸರೇ ನನ್ನ ಬ್ಯಾಂಕ್ ಪುಟದಲ್ಲಿ ಬರಬೇಕು ಎಂದೆ. ಅವನಿಗೆ ಸಿಟ್ಟು ಬಂತು. “ಅಣ್ಣ, ನನ್ನ ಮೇಲೆ ಸಂಶಯವೇ?” ಎಂದ. ಚಹಾದ ಹಣ ನಾನೇ ಕೊಟ್ಟೆ, ಅವನು ಬಸ್ ಹತ್ತಿ ಹೋದ. ಮರುದಿನ ತನ್ನದೇ ಖಾತೆಯನ್ನು ಸರಿಮಾಡಿಸಿಕೊಂಡು ಬಂದ.

ಅವನ ಸಂಶಯವೂ ನನ್ನದಕ್ಕಿಂತ ಕಡಿಮೆ ಇರಲಿಲ್ಲ. ಹಿಂದೊಮ್ಮೆ ಅವನು ಕೊಂಡ ಐಡಿಯನ್ನು ಮಾರಿದವನೇ ತಿಂಗಳೊಳಗೆ ಹಿಂದಕ್ಕೆ ಎಳೆದುಕೊಂಡಿದ್ದನಂತೆ. ಹಾಗಾಗಿ ಒಂದೊಂದನ್ನೂ ಅವನ ಕಣ್ಣೆದುರೇ ಮಾಡಿದೆ. ಆಟ ಜೋಡಿಸಿದ್ದು ನನ್ನ ಸ್ವಂತ ಜಿಮೇಲಿಗೆ. ಅದರಲ್ಲೇ ಬ್ಯಾಂಕು, ಭೂತೆರಿಗೆ ರಶೀದಿ, ಅಪ್ಪನ ಆಸ್ಪತ್ರೆಯ ಕಾಗದ ಎಲ್ಲ ಇವೆ. ಐಡಿಯ ಜತೆ ಜಿಮೇಲಿನ ಪಾಸ್‌ವರ್ಡನ್ನೂ ಕೊಡುವವರಿದ್ದಾರೆ. ಅದು ಮನೆ ಬಾಡಿಗೆಗೆ ಕೊಡುವಾಗ ತಿಜೋರಿಯನ್ನೂ ಕೊಟ್ಟ ಹಾಗೆ. ನಾನು ಆಟದ ಒಳಗೆ ಹೋಗಲು ಬೇಕಾದ ಸೂಪರ್‌ಸೆಲ್ ಐಡಿಯ ಇಮೇಲ್ ವಿಳಾಸವನ್ನು ಮಾತ್ರ ಅವನದಕ್ಕೆ ಬದಲಿಸಿದೆ. ಅಲ್ಲಿ ಪಾಸ್‌ವರ್ಡ್ ಇಲ್ಲ, ಇಮೇಲಿಗೆ ಬರುವ ಆರು ಅಂಕೆಯ ಸಂಖ್ಯೆಯೇ ಕೀಲಿ. ಒಳಗೆ ಹೋಗುವ ಮೊದಲು ಅರ್ಧ ಹಣ, ಅವನ ಮೊಬೈಲಿನಲ್ಲಿ ಹಳ್ಳಿ ತೆರೆದ ಮೇಲೆ ಉಳಿದರ್ಧ. ಎರಡು ಸಲವೂ ಸಂದೇಶವನ್ನು ನಂಬಲಿಲ್ಲ, ಬ್ಯಾಂಕಿನ ಆ್ಯಪ್ ತೆರೆದು ಶೇಷ ನೋಡಿದೆ. ಕುಂಬಳೆಯಲ್ಲಿ ನೆಟ್‌ವರ್ಕಿಗೆ ಕೊಡೆ ಹಿಡಿಯಬೇಕಾಗಿರಲಿಲ್ಲ. ಆಮೇಲೆ ನನ್ನ ಮೊಬೈಲ್, ತಮ್ಮನ ಹಳೆಯ ಟ್ಯಾಬ್ ಎರಡರಿಂದಲೂ ಆಟವನ್ನು ಅಳಿಸಿ ತೋರಿಸಿದೆ. ಕ್ಲ್ಯಾನಿನ, ಅಂದರೆ ಒಟ್ಟಿಗೆ ಆಡುವ ಗುಂಪಿನ, ನಾಯಕತ್ವವನ್ನು ಹಿಂದಿನ ರಾತ್ರಿಯೇ ಇನ್ನೊಬ್ಬರಿಗೆ ವಹಿಸಿ, ಹೇಳಿ ಬಂದಿದ್ದೆ. ಗುರುತಿನ ಹೆಸರಿನ ಹಿಂದೆ ಬೇರೆಯವನು ಕೂತು ಹಳೆಯ ಗೆಳೆಯರೊಡನೆ ಮಾತನಾಡುವುದು ನನಗೆ ಸರಿ ಕಾಣಲಿಲ್ಲ.

ಒಂದನ್ನು ಮಾತ್ರ ದಾಟಿಸಲು ಆಗುವುದಿಲ್ಲ. ವರ್ಷಗಳಿಂದ ಕೊಂಡ ಗೋಲ್ಡ್ ಪಾಸುಗಳ ರಶೀದಿಗಳು ನನ್ನ ಜಿಮೇಲಿನಲ್ಲೇ ಇವೆ, ಮನಸ್ಸು ಕೆಟ್ಟರೆ ಅವನ್ನೇ ಮುಂದಿಟ್ಟು ಐಡಿ ನನ್ನದೆಂದು ಜಗಳ ತೆಗೆಯಬಹುದು. ಇದನ್ನು ಅವನಿಗೆ ಬಿಡಿಸಿ ಹೇಳಿದೆ. ಅವನು ಸ್ವಲ್ಪ ಹೊತ್ತು ಗೋಳಿಬಜೆಯನ್ನೇ ನೋಡುತ್ತಿದ್ದು, ಒಂದು ಕಾಗದ ಬರೆಯೋಣವೇ ಎಂದ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆವು: ಆಟದ ಟ್ಯಾಗ್ (ಐಡಿಯ ಗುರುತು), ದಿನಾಂಕ, ಮೊತ್ತ, ಇನ್ನು ಹಕ್ಕು ಕೇಳುವುದಿಲ್ಲ ಎಂಬ ಮಾತು. ಕಂಪನಿಯ ನಿಯಮಕ್ಕೆ ವಿರುದ್ಧವಾದ ವ್ಯಾಪಾರಕ್ಕೆ ಬರೆದ ಆ ಕಾಗದ ಎಲ್ಲಿ ನಿಲ್ಲುತ್ತದೋ ದೇವರಿಗೇ ಗೊತ್ತು. ಆದರೂ ನಾನು ಕನ್ನಡದಲ್ಲಿ, ಅವನು ಮಲಯಾಳದಲ್ಲಿ ಸಹಿ ಹಾಕಿದೆವು. ಇಬ್ಬರ ಮೊಬೈಲಿನಲ್ಲೂ ಅದರ ಚಿತ್ರವಿದೆ.

ಅಪ್ಪನಿಗೆ ಹೇಳಿದಾಗ, ತಕ್ಕಡಿಗೆ ಹಾಕಲಾಗದ ವಸ್ತುವಿಗೆ ಹನ್ನೊಂದೂವರೆ ಸಾವಿರ ಕೊಟ್ಟವನು ಯಾರ ಮಗ ಎಂದು ಕೇಳಿದರು. ದೋಟಿ ಜೂನ್ ಮೊದಲ ವಾರ ಬಂತು.

ಕಳೆದ ತಿಂಗಳು ತಮ್ಮ ತನ್ನ ಹೊಸ ಐಡಿಯನ್ನು ಮಾರಿಕೊಡು ಎಂದು ಬಂದ. ಈಗ ನಾನು ಮನೆಯಲ್ಲಿ ಇದರ ಪಂಡಿತ. ಹೀರೋ, ಗೋಡೆ ಏನನ್ನೂ ನೋಡದೆ, ಯಾವ ಇಮೇಲಿಗೆ ಜೋಡಿಸಿದ್ದೀ ಎಂದು ಕೇಳಿದೆ. ಅವನು ಜಗಲಿಯತ್ತ ಒಮ್ಮೆ ನೋಡಿ, ಸ್ವರ ತಗ್ಗಿಸಿ ಹೇಳಿದ: “ಅಪ್ಪನದಕ್ಕೆ.”