ರೇಕ್ಯಾವಿಕ್‌ನಲ್ಲಿ ಇಂಗೋಲ್ವುರ್ ಪ್ರತಿಮೆ ನೋಡಲು ಹೋಗುವವರಿಗೆ

ಐಸ್‌ಲ್ಯಾಂಡಿಗೆ ಹೊರಟಿರುವ ಸದಸ್ಯರು ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳುವುದು ಒಳ್ಳೆಯದು. ರಾಜಧಾನಿ ರೇಕ್ಯಾವಿಕ್‌ನ ಹಲ್‌ಗ್ರಿಮ್ಸ್‌ಕಿರ್ಕ್ಯಾ ಚರ್ಚಿನ ಎದುರಿಗಿರುವುದು ಇಂಗೋಲ್ವುರ್ ಅಲ್ಲ, ಉತ್ತರ ಅಮೆರಿಕ ತಲುಪಿದ ನಾವಿಕ ಲೇಫ್ ಎರಿಕ್ಸನ್ ಪ್ರತಿಮೆ. ಅದು ಅಮೆರಿಕ ನೀಡಿದ ಉಡುಗೊರೆ. ನಗರದ ಮೊದಲ ನೆಲೆಗಾರನೆಂದು ಪರಂಪರೆ ಹೇಳುವ ಇಂಗೋಲ್ವುರ್ ಅರ್ನಾರ್ಸನ್ ನಿಂತಿರುವುದು ಆರ್ನರ್‌ಹೋಲ್ ಎಂಬ ಹುಲ್ಲಿನ ದಿಬ್ಬದ ಮೇಲೆ. ಶಿಲ್ಪಿ ಐನಾರ್ ಯೋನ್ಸನ್ ರೂಪಿಸಿದ ಈ ಪ್ರತಿಮೆ 1924ರಲ್ಲಿ ಅನಾವರಣಗೊಂಡಿತು.

ಬೆಟ್ಟವೆಂದು ಹೆದರಬೇಕಾಗಿಲ್ಲ, ಲೈಕ್ಯಾರ್‌ತೋರ್ಗ್ ಚೌಕದಿಂದ ಕೆಲವೇ ನಿಮಿಷಗಳ ನಡಿಗೆ. ಟಿಕೆಟ್ ಕೂಡ ಇಲ್ಲ. ಏರಿಕೆಗಿಂತ ಗಾಳಿಯೇ ಹೆಚ್ಚು ಕಾಡುತ್ತದೆ. ಕೊಡೆ ಅಲ್ಲಿ ನಿಷ್ಪ್ರಯೋಜಕವಾದ್ದರಿಂದ ಟೋಪಿಯಿರುವ ಮಳೆಯಂಗಿಯನ್ನೇ ಧರಿಸಿ, ಚಳಿಗಾಲದಲ್ಲಾದರೆ ಮಂಜುಗಡ್ಡೆಯ ಮೇಲೆ ಜಾರದಂತೆ ಬೂಟಿಗೆ ಕಟ್ಟುವ ಮುಳ್ಳುಪಟ್ಟಿಯನ್ನು ಒಯ್ಯಿರಿ. ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು 4 ಗಂಟೆ ಮಾತ್ರ ಇರುವುದರಿಂದ ಫೋಟೋ ತೆಗೆಯುವವರು ಮಧ್ಯಾಹ್ನದ ಆಸುಪಾಸಿನಲ್ಲಿ ಹೋಗುವುದು ಕ್ಷೇಮ. ದಿಬ್ಬದಿಂದ ಹಾರ್ಪಾ ಸಂಗೀತ ಭವನವೂ, ಮೋಡವಿಲ್ಲದಿದ್ದರೆ ಕೊಲ್ಲಿಯಾಚೆಯ ಎಸ್ಯಾ ಪರ್ವತವೂ ಕಾಣುತ್ತವೆ.

ಕಥೆಯನ್ನು ತಿಳಿದು ಹೋದರೆ ನೋಟಕ್ಕೆ ಅರ್ಥ ಬರುತ್ತದೆ. ನಾರ್ವೆಯಿಂದ ಬಂದ ಇಂಗೋಲ್ವುರ್, ಮನೆಯೊಡೆಯನಾಗಿ ತಾನು ಕೂರುವ ಆಸನದ ಕಂಬಗಳನ್ನು ಸಮುದ್ರಕ್ಕೆಸೆದು, ಅವು ದಡ ಸೇರಿದಲ್ಲಿ ನೆಲೆಸುವುದಾಗಿ ಪಣತೊಟ್ಟನಂತೆ. ವರ್ಷಗಟ್ಟಲೆ ಹುಡುಕಿ ಅವನ್ನು ಕಂಡುಹಿಡಿದವರು ಅವನ ಗುಲಾಮರು, ಪ್ರತಿಮೆ ಮಾತ್ರ ಯಜಮಾನನದು! ಅವನು ನೆಲೆಸಿದ್ದೆಂದು ಪರಂಪರೆ ಹೇಳುವ ವರ್ಷ 874. ಪುರಾವೆ ಬೇಕೆನ್ನುವವರು ಅಲ್ಲಿಂದ ಅಡಾಲ್‌ಸ್ಟ್ರೈಟಿ ಬೀದಿಯ ನೆಲೆವಸತಿ ಪ್ರದರ್ಶನಕ್ಕೆ ನಡೆದು ಹೋಗಬಹುದು. ಅಲ್ಲಿ 10ನೇ ಶತಮಾನದ ಉದ್ದಮನೆಯೊಂದರ (ಆ ಕಾಲದ ನೀಳವಾದ ವಾಸದ ಮನೆ) ಅವಶೇಷವನ್ನು ಅದು ದೊರೆತ ಜಾಗದಲ್ಲಿಯೇ ಉಳಿಸಿದ್ದಾರೆ. ಅದಕ್ಕೆ ಪ್ರವೇಶ ಶುಲ್ಕವಿದೆ.