ಮಿಶಿಗನ್ ಸರೋವರದ ಬೇಸಿಗೆ ಸಾಲ್ಮನ್: ಮೊದಲು ಥರ್ಮಾಮೀಟರ್, ಆಮೇಲೆ ಗಾಳ

ಜುಲೈನಲ್ಲಿ ಬೆಂಗಳೂರಿನಿಂದ ಮಿಶಿಗನ್ ಸರೋವರದ ದಡದ ಶಿಕಾಗೋಗೆ ಹೋಗುವ ಗಾಳದವರು ಕಾವೇರಿಯ ಅಭ್ಯಾಸವನ್ನು ಬದಿಗಿಡಬೇಕು. ಅಲ್ಲಿ ಹುಡುಕಬೇಕಾದ್ದು ಮಡುವನ್ನಲ್ಲ, ತಣ್ಣೀರಿನ ಪದರವನ್ನು. ಮೇಲ್ನೀರು ಕಾದಾಗ ಚಿನೂಕ್ ಎಂಬ ದೊಡ್ಡ ಜಾತಿಯ ಸಾಲ್ಮನ್ 10ರಿಂದ 13 ಡಿಗ್ರಿ ಇರುವ ಆಳಕ್ಕೆ ಇಳಿಯುತ್ತದೆ. ಆ ಆಳ ದಿನದಿನಕ್ಕೂ ಬೇರೆ. ಗಾಳಿ ಬಿಸಿನೀರನ್ನು ದಡದಿಂದ ದೂರ ತಳ್ಳಿದರೆ ತಣ್ಣೀರು ದಡದ ಹತ್ತಿರವೇ ಮೇಲೇಳುತ್ತದೆ. ನಿನ್ನೆಯ ಅಂಕಿಯನ್ನು ನಂಬದೆ ಪ್ರೋಬ್ (ನೀರಿನ ತಾಪ ಅಳೆಯುವ ಸಾಧನ) ಇಳಿಸಿ ಅಳೆಯಿರಿ.

ಕೇಬಲ್ಲಿಗೆ ಭಾರದ ಗುಂಡು ಕಟ್ಟಿ ಗಾಳವನ್ನು ಬೇಕಾದ ಆಳಕ್ಕೆ ಇಳಿಸುವ ಡೌನ್‌ರಿಗ್ಗರ್‌ಗೆ 4.5ರಿಂದ 5.5 ಕಿಲೋ ಗುಂಡು ಸಾಕು. ಸ್ಪೂನನ್ನು (ಚಮಚದಾಕಾರದ ಲೋಹದ ಹುಸಿಬಲಿ) ಗುಂಡಿನಿಂದ 5–6 ಮೀಟರ್ ಹಿಂದೆ ಬಿಟ್ಟು ಲೈನನ್ನು, ಮೀನು ಕಚ್ಚಿದಾಗ ಬಿಟ್ಟುಕೊಡುವ ಕ್ಲಿಪ್‌ಗೆ ಸಿಕ್ಕಿಸಿ. ರಾಡ್ ಚೆನ್ನಾಗಿ ಬಾಗುವವರೆಗೂ ಲೈನ್ ಸುತ್ತಿ. ಸಡಿಲವಿದ್ದರೆ ಮೀನು ಕಚ್ಚಿದ್ದೇ ತಿಳಿಯದು. ದೋಣಿಯ ವೇಗ ಗಂಟೆಗೆ 3.5–4.5 ಕಿ.ಮೀ. ಕೇಬಲ್ ಹಿಂದಕ್ಕೆ ವಾಲಿದ್ದರೆ ಬಿಟ್ಟ ಕೇಬಲಿನ ಉದ್ದ ಎಣಿಸುವ ಕೌಂಟರ್ 25 ಮೀಟರ್ ತೋರಿಸಿದರೂ ಗುಂಡು ಅದಕ್ಕಿಂತ ಮೇಲಿರುತ್ತದೆ. ದೋಣಿ ಒಂದೇ ದಿಕ್ಕಿನಲ್ಲಿ ಸಾಗುವಾಗ ಮಾತ್ರ ಮೀನು ಕಚ್ಚುತ್ತಿದೆಯೇ? ಒಳಪ್ರವಾಹ ಸ್ಪೂನಿನ ವೇಗವನ್ನು ಬದಲಿಸುತ್ತಿರಬಹುದು. ಎದುರು ದಿಕ್ಕಿನಲ್ಲಿ ವೇಗ ಹೊಂದಿಸಿ.

ಲೇಕ್ ಟ್ರೌಟ್ ಎಂಬ ಇನ್ನೊಂದು ಮೀನು ಬೇಕಿದ್ದರೆ ತಳದ ಹತ್ತಿರ, ಸುಮಾರು 3 ಕಿ.ಮೀ. ವೇಗ. ಚಿನೂಕ್ ಓಡುವಾಗ ಡ್ರ್ಯಾಗ್ (ರೀಲಿನ ಬ್ರೇಕ್) ಬಿಗಿಮಾಡಬೇಡಿ, ಲೈನ್ ತುಂಡಾಗುತ್ತದೆ.

ಶಿಕಾಗೋ ಇರುವ ಇಲಿನಾಯ್ ರಾಜ್ಯದ ಬದಿಯಲ್ಲಿ ಮೀನುಗಾರಿಕೆ ಪರವಾನಗಿಯ ಜೊತೆ ಸಾಲ್ಮನ್ ಸ್ಟಾಂಪ್ ಎಂಬ ಹೆಚ್ಚುವರಿ ಅನುಮತಿಯೂ ಬೇಕು. ಸ್ವೆಟರ್ ಮರೆಯಬೇಡಿ, ನಸುಕಿನ ದೋಣಿಯಲ್ಲಿ ನಮ್ಮ ಡಿಸೆಂಬರ್ ಚಳಿಯಿರುತ್ತದೆ.